ಮೊಲದ ಗೂಡೂ ಮಾಗಿಯ ಚಳಿಯೂ

ಇಂಗ್ಲೆಂಡಿನಲ್ಲಿ ಮೊಲವನ್ನು ಅಕ್ಕರೆಯಿಂದ ಸಾಕುವ ವಾಡಿಕೆ ಬಹುಕಾಲದಿಂದ ಬಂದುದು. ಆದರೆ ನಾಯಿಗೂ ಬೆಕ್ಕಿಗೂ ಒಲೆಯ ಪಕ್ಕದಲ್ಲಿ ಸ್ಥಳ ದೊರೆಯುವ ಆ ಮನೆಗಳಲ್ಲಿ, ಮೊಲಕ್ಕೆ ಮಾತ್ರ ಎಷ್ಟೋ ಕಡೆ ಹಿತ್ತಲಿನ ಮರದ ಗೂಡೇ ಗತಿ. ಬೇಸಗೆಯಲ್ಲಿ ಇದರಿಂದ ಕೊರತೆಯೇನೂ ಇಲ್ಲ. ಮಾಗಿಯ ಕಾಲದ ಮಾತು ಬೇರೆ. ಡಿಸೆಂಬರ್ ತಿಂಗಳಲ್ಲಿ ಲಂಡನ್ನಿನ ಸೂರ್ಯ ಸಂಜೆ ನಾಲ್ಕು ಗಂಟೆಗೆ ಮೊದಲೇ ಮುಳುಗಿಬಿಡುತ್ತಾನೆ. ನೀರು ಹೆಪ್ಪುಗಟ್ಟುವ ರಾತ್ರಿಗಳು ಅಲ್ಲಿ ಅಪರೂಪವಲ್ಲ. ೧೯೬೩ರ ಜನವರಿಯಂತೂ ಹೆಸರಾದದ್ದು. ಆ ಇಡೀ ತಿಂಗಳಲ್ಲಿ, ಹಗಲು ರಾತ್ರಿಗಳೆರಡನ್ನೂ ಸೇರಿಸಿ ತೆಗೆದ ಮಧ್ಯ ಇಂಗ್ಲೆಂಡಿನ ಸರಾಸರಿ ಉಷ್ಣತೆ ಸೊನ್ನೆಗಿಂತ ೨.೧ ಸೆಂಟಿಗ್ರೇಡ್ ಡಿಗ್ರಿ ಕೆಳಗಿತ್ತು. ಇಂಥ ಚಳಿಯಲ್ಲಿ, ಹೊರಗೆ, ಹಲಗೆಯ ಗೂಡಿನಲ್ಲಿ, ಎರಡು ಕಿಲೋಗ್ರಾಂ ತೂಕದ ಪುಟ್ಟ ಪ್ರಾಣಿಯೊಂದು ಬದುಕಿ ಉಳಿಯುವುದು ಹೇಗೆ?

ಉಳಿಯುತ್ತದೆ ಎಂಬುದೇ ಮೊದಲನೆಯ ಆಶ್ಚರ್ಯ. ಆರೋಗ್ಯವಾಗಿರುವ ಮೊಲವನ್ನು ಒಣ ಚಳಿ ಅಷ್ಟು ಸುಲಭವಾಗಿ ಬಾಧಿಸದು. ಅದರ ನಿಜವಾದ ವೈರಿಗಳು ನಾಲ್ಕು: ಒದ್ದೆ, ನೇರವಾಗಿ ಬೀಸುವ ಗಾಳಿ, ಗೂಡಿನೊಳಗೆ ಕೊಳೆತು ನಿಂತ ಹವೆ ಮತ್ತು ಹೆಪ್ಪುಗಟ್ಟಿದ ಕುಡಿಯುವ ನೀರು. ಇವುಗಳಲ್ಲಿ ಮೂರನೆಯದು ಬಹುಮಟ್ಟಿಗೆ ಸಾಕಿದವರ ಕನಿಕರದಿಂದಲೇ ಹುಟ್ಟುವಂಥದು. ಇದು ಹೇಗೆಂದು ತಿಳಿಯಬೇಕಾದರೆ ಶಾಖದ ವಿಷಯವಾಗಿ ಸ್ವಲ್ಪ ವಿಚಾರ ಮಾಡಬೇಕಾಗುತ್ತದೆ.

ಮೊಲದ ದೇಹದ ಉಷ್ಣತೆ ಸುಮಾರು ೩೯ ಡಿಗ್ರಿ. ನಮ್ಮದಕ್ಕಿಂತ ಎರಡು ಡಿಗ್ರಿ ಹೆಚ್ಚು. ಸುತ್ತಲಿನ ಹವೆ ಸೊನ್ನೆಯಲ್ಲಿರುವಾಗಲೂ ಈ ಉಷ್ಣತೆ ಕುಗ್ಗದೆ ಇರಬೇಕಾದರೆ ಒಳಗೆ ಎಲ್ಲಿಯೋ ಶಾಖ ಹುಟ್ಟುತ್ತಲೇ ಇರಬೇಕು. ಈ ಶಾಖವನ್ನು ಮೊದಲು ಅಳೆದವರು ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್. ೧೭೮೨-೮೩ರ ಚಳಿಗಾಲದಲ್ಲಿ ಅವರು ಒಂದರೊಳಗೊಂದು ಇರುವ ಪಾತ್ರೆಗಳ ಉಪಕರಣವೊಂದನ್ನು ಕಟ್ಟಿ, ನಡುವಣ ಬುಟ್ಟಿಯಲ್ಲಿ ಗಿನಿಹಂದಿಯೊಂದನ್ನು ಕೂರಿಸಿದರು. ಅದರ ಸುತ್ತ ಮಂಜುಗಡ್ಡೆ. ಆ ಮಂಜುಗಡ್ಡೆಗೆ ಕೋಣೆಯ ಶಾಖ ತಾಗದಂತೆ ಹೊರಗೆ ಮತ್ತೊಂದು ಸುತ್ತು ಮಂಜುಗಡ್ಡೆ. ಹೀಗಾಗಿ ಒಳಗಿನ ಮಂಜುಗಡ್ಡೆ ಕರಗಿದರೆ ಅದು ಪ್ರಾಣಿಯ ಶಾಖದಿಂದಲೇ ಕರಗಬೇಕು. ಹತ್ತು ಗಂಟೆಗಳಲ್ಲಿ ಸುಮಾರು ೧೩ ಔನ್ಸ್, ಎಂದರೆ ಹತ್ತಿರ ಹತ್ತಿರ ೪೦೦ ಗ್ರಾಂ ಮಂಜುಗಡ್ಡೆ ಕರಗಿ ನೀರಾಗಿ ಇಳಿಯಿತು. ಒಂದು ಗ್ರಾಂ ಮಂಜುಗಡ್ಡೆ ಕರಗಲು ೩೩೪ ಜೂಲ್ ಬೇಕು. ಲೆಕ್ಕ ಹಾಕಿದರೆ ಆ ಗಿನಿಹಂದಿ ಸೆಕೆಂಡಿಗೆ ೩.೭ ಜೂಲ್‌ನಂತೆ, ಎಂದರೆ ೩.೭ ವಾಟ್ ಪ್ರಮಾಣದಲ್ಲಿ, ಶಾಖವನ್ನು ಹೊರಸೂಸುತ್ತಿದ್ದಿತೆಂದು ತಿಳಿಯುತ್ತದೆ. ಉಸಿರಾಟವು ಬಲು ನಿಧಾನವಾದ ಒಂದು ದಹನ ಎಂಬ ನಿರ್ಣಯಕ್ಕೆ ಅವರಿಬ್ಬರೂ ಬಂದದ್ದು ಈ ಪ್ರಯೋಗಗಳಿಂದಲೇ.

ಪ್ರಾಣಿಯ ತೂಕಕ್ಕೂ ಅದು ವಿಶ್ರಾಂತಿಯಲ್ಲಿರುವಾಗ ಉತ್ಪಾದಿಸುವ ಶಾಖಕ್ಕೂ ಇರುವ ಸಂಬಂಧವನ್ನು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ ೧೯೩೨ರಲ್ಲಿ ಗುರುತಿಸಿದನು. ಕಿಲೋಗ್ರಾಂಗಳಲ್ಲಿ ಹೇಳಿದ ತೂಕವನ್ನು ಮುಕ್ಕಾಲನೆಯ ಘಾತಕ್ಕೇರಿಸಿ ೭೦ರಿಂದ ಗುಣಿಸಿದರೆ, ದಿನವೊಂದಕ್ಕೆ ಹುಟ್ಟುವ ಶಾಖ ಕಿಲೋಕ್ಯಾಲೊರಿಗಳಲ್ಲಿ ದೊರೆಯುತ್ತದೆ. ಎರಡು ಕಿಲೋ ತೂಗುವ ಮೊಲಕ್ಕೆ ಇದು ಸುಮಾರು ೧೧೮ ಕಿಲೋಕ್ಯಾಲೊರಿ. ನಮಗೆ ಪರಿಚಿತವಾದ ಮಾನದಲ್ಲಿ ಸುಮಾರು ೬ ವಾಟ್. ಮಲಗುವ ಕೋಣೆಯಲ್ಲಿ ರಾತ್ರಿಯೆಲ್ಲ ಉರಿಸಿಡುವ ಪುಟ್ಟ ದೀಪ ತೆಗೆದುಕೊಳ್ಳುವ ವಿದ್ಯುಚ್ಛಕ್ತಿಯಷ್ಟು ಮಾತ್ರ! ಮೊಲದ ಬಳಿ ಇರುವ ಬಂಡವಾಳ ಇಷ್ಟೇ. ಚಳಿ ಹೆಚ್ಚಿದಾಗ ಅದು ಹೆಚ್ಚು ತಿಂದು, ಸ್ನಾಯುಗಳನ್ನು ನಡುಗಿಸಿ, ಈ ಆರನ್ನು ಹನ್ನೆರಡರ ಹತ್ತಿರಕ್ಕೆ ಏರಿಸಬಲ್ಲದು, ಅದಕ್ಕೂ ಮಿತಿಯುಂಟು.

ಬಂಡವಾಳ ಚಿಕ್ಕದು, ಸೋರಿಹೋಗುವ ದಾರಿಯೋ ದೊಡ್ಡದು. ಶಾಖವು ದೇಹದ ಗಾತ್ರದಲ್ಲಿ ಹುಟ್ಟಿ ದೇಹದ ಮೇಲ್ಮೈಯಿಂದ ಹೊರಗೆ ಹೋಗುತ್ತದೆ. ಪ್ರಾಣಿ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಅದರ ಮೇಲ್ಮೈ ದೊಡ್ಡದು. ಮೊಲದ ಒಂದೊಂದು ಕಿಲೋಗ್ರಾಂ ತೂಕಕ್ಕೆ ಇರುವ ಚರ್ಮದ ವಿಸ್ತಾರ ಮನುಷ್ಯನದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು. ಸಾಲದುದಕ್ಕೆ ಆ ಎರಡು ಉದ್ದ ಕಿವಿಗಳು! ಅವು ತೆಳ್ಳಗೆ ಅಗಲವಾಗಿ, ರಕ್ತನಾಳಗಳಿಂದ ತುಂಬಿ, ಬೇಸಗೆಯಲ್ಲಿ ದೇಹದ ಶಾಖವನ್ನು ಹೊರದೂಡುವುದಕ್ಕೆ ಹೇಳಿ ಮಾಡಿಸಿದಂತಿವೆ. ಚಳಿಯಲ್ಲಿ ಈ ನಾಳಗಳು ಸಂಕೋಚಗೊಂಡು ಕಿವಿಗೆ ಹರಿಯುವ ರಕ್ತ ಕಡಮೆಯಾಗುತ್ತದೆ. ಮೊಲವು ಕಿವಿಗಳನ್ನು ಬೆನ್ನಿಗೆ ಒತ್ತಿ, ಕಾಲುಗಳನ್ನು ಹೊಟ್ಟೆಯಡಿಗೆ ಸೇರಿಸಿ, ಉಂಡೆಯಂತೆ ಕೂರುತ್ತದೆ. ಒಂದೇ ಗಾತ್ರದ ಆಕಾರಗಳಲ್ಲೆಲ್ಲ ಗೋಳಕ್ಕೆ ಮೇಲ್ಮೈ ಕಡಮೆ ಎಂಬ ರೇಖಾಗಣಿತದ ಸತ್ಯವನ್ನು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ತುಪ್ಪಳ. ತುಪ್ಪಳ ಬೆಚ್ಚಗಿರುತ್ತದೆಂದು ನಾವು ಹೇಳುವುದುಂಟು. ಆದರೆ ಬೆಚ್ಚಗಿಡುವುದು ಕೂದಲಿಗಿಂತ ಹೆಚ್ಚಾಗಿ ಕೂದಲ ನಡುವೆ ಸೆರೆಸಿಕ್ಕ ಗಾಳಿ. ಅಲುಗಾಡದ ಗಾಳಿಯಷ್ಟು ಕೆಟ್ಟ ಉಷ್ಣವಾಹಕ ದಿನಬಳಕೆಯ ವಸ್ತುಗಳಲ್ಲಿ ಬಹಳ ಕಡಮೆ. ಅದರ ವಾಹಕತೆ, ಭೌತವಿಜ್ಞಾನದ ಮಾನದಲ್ಲಿ, ೦.೦೨೫, ನೀರಿನದು ೦.೬. ಎಂದರೆ ನೀರು ಇಪ್ಪತ್ತನಾಲ್ಕು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಮೊಲಕ್ಕೆ ಮೇಲೆ ಒರಟಾದ ಕಾವಲುಗೂದಲು, ಒಳಗೆ ದಟ್ಟವಾದ ಮೃದುಗೂದಲು ಎಂದು ಎರಡು ಪದರಗಳಿವೆ. ಮಾಗಿಯ ಹೊತ್ತಿಗೆ ಒಳಪದರ ಇನ್ನಷ್ಟು ದಟ್ಟವಾಗುತ್ತದೆ.

ಸ್ಥೂಲವಾದ ಒಂದು ಲೆಕ್ಕ ಮಾಡೋಣ. ತುಪ್ಪಳದ ದಪ್ಪ ಎರಡೂವರೆ ಸೆಂಟಿಮೀಟರ್, ಅದರ ವಾಹಕತೆ ೦.೦೪, ಮೊಲದ ಮೇಲ್ಮೈ ೧,೬೦೦ ಚದರ ಸೆಂಟಿಮೀಟರ್, ಚರ್ಮ ೩೫ ಡಿಗ್ರಿಯಲ್ಲಿದೆ, ಹೊರಗಿನ ಹವೆ ಸೊನ್ನೆಯಲ್ಲಿದೆ ಎಂದು ಹಿಡಿದರೆ, ಹೊರಗೆ ಹರಿಯುವ ಶಾಖ ಸುಮಾರು ೯ ವಾಟ್. ವಿಶ್ರಾಂತಿಯ ಆರು ವಾಟಿಗೆ ಇದು ಒಂದೂವರೆ ಪಟ್ಟು. ಹೊಟ್ಟೆ ತುಂಬ ಮೇವಿರುವ ಮೊಲಕ್ಕೆ ಈ ಮೂರು ವಾಟುಗಳ ಕೊರತೆಯನ್ನು ತುಂಬಿಕೊಳ್ಳುವುದು ಕಷ್ಟವಲ್ಲ. ಅದೇ ತುಪ್ಪಳ ನೆನೆದು ಚರ್ಮಕ್ಕೆ ಅಂಟಿಕೊಂಡು, ದಪ್ಪ ಒಂದು ಸೆಂಟಿಮೀಟರಿಗಿಳಿದು, ವಾಹಕತೆ ೦.೨ಕ್ಕೆ ಏರಿತೆನ್ನಿ. ಆಗ ಅದೇ ಲೆಕ್ಕದಿಂದ ಬರುವ ಉತ್ತರ ೧೦೦ ವಾಟಿಗೂ ಮೇಲೆ! ಇಷ್ಟು ಶಾಖವನ್ನು ಯಾವ ಮೊಲವೂ ಒದಗಿಸಲಾರದು. ಅಂಕಿಗಳಲ್ಲಿ ಹೆಚ್ಚು ಕಡಮೆ ಇರಬಹುದು; ಒಣಗಿದ ಮೊಲಕ್ಕೂ ನೆನೆದ ಮೊಲಕ್ಕೂ ಇರುವ ಅಂತರ ಎಂಥದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನೆನೆದುದರಿಂದ ಆಗುವ ಹಾನಿ ಇಷ್ಟಕ್ಕೇ ಮುಗಿಯಲಿಲ್ಲ. ಆ ನೀರು ಆರಬೇಕು. ಆರುವುದಕ್ಕೆ ಬೇಕಾದ ಗುಪ್ತೋಷ್ಣವನ್ನು ಮೊಲದ ದೇಹವೇ ಬಹುಮಟ್ಟಿಗೆ ಕೊಡಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೨,೪೦೦ ಜೂಲ್. ತುಪ್ಪಳದಲ್ಲಿ ೫೦ ಗ್ರಾಂ ನೀರು ನಿಂತಿದ್ದರೆ ೧,೨೦,೦೦೦ ಜೂಲ್. ಆರು ವಾಟಿನ ಮೊಲ ಐದೂವರೆ ಗಂಟೆಗಳ ಕಾಲ ಉತ್ಪಾದಿಸಿದ ಶಾಖವೆಲ್ಲ ಅಷ್ಟಕ್ಕೇ ವೆಚ್ಚವಾಗಿಹೋಗುತ್ತದೆ. ಗೂಡಿನ ಮಾಡಿನಲ್ಲಿ ಒಂದು ಸೀಳು ಬಿಟ್ಟು ಮಳೆ ಸೋರುತ್ತಿದ್ದರೆ ಅದನ್ನು ನಾಳೆ ಸರಿಮಾಡೋಣವೆನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಬೀಸುವ ಗಾಳಿಯ ಪ್ರಭಾವವೂ ಇಂಥದೇ. ಪ್ರತಿಯೊಂದು ಬೆಚ್ಚನೆಯ ವಸ್ತುವಿನ ಮೇಲೂ ತೆಳುವಾದ ಗಾಳಿಯ ಪೊರೆಯೊಂದು ನಿಂತಿರುತ್ತದೆ. ಬೀಸುಗಾಳಿ ಈ ಪೊರೆಯನ್ನು ಕಿತ್ತೊಯ್ಯುತ್ತದೆ. ತುಪ್ಪಳವನ್ನು ಬೇರ್ಪಡಿಸಿ ಅದರೊಳಗಿನ ಬೆಚ್ಚನೆಯ ಗಾಳಿಯನ್ನೂ ಹೊರಗೆಳೆಯುತ್ತದೆ. ಸೈಪಲ್ ಮತ್ತು ಪ್ಯಾಸೆಲ್ ಎಂಬ ಅಮೆರಿಕನ್ನರು ಅಂಟಾರ್ಕ್‌ಟಿಕದಲ್ಲಿ ನೀರು ತುಂಬಿದ ಪಾತ್ರೆಯೊಂದನ್ನು ಗಾಳಿಗಿಟ್ಟು, ಅದು ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಬೇರೆ ಬೇರೆ ವೇಗದ ಗಾಳಿಯಲ್ಲಿ ಅಳೆದು, ೧೯೪೫ರಲ್ಲಿ ಪ್ರಕಟಿಸಿದರು. ಹವಾಮಾನ ವರದಿಗಳಲ್ಲಿ ‘ಗಾಳಿಯಿಂದಾಗುವ ಚಳಿ’ಯೆಂದು ಬರುವ ಅಂಕಿಗಳ ಮೂಲ ಈ ಪ್ರಯೋಗದಲ್ಲಿದೆ.

ವಾಚಕರು ಅಂಟಾರ್ಕ್‌ಟಿಕಕ್ಕೆ ಹೋಗಬೇಕಾಗಿಲ್ಲ. ಒಂದೇ ಅಳತೆಯ ನಾಲ್ಕು ತಗಡಿನ ಡಬ್ಬಿಗಳನ್ನು ತೆಗೆದುಕೊಳ್ಳಿ. ಒಂದನ್ನು ಬರಿದಾಗಿ ಬಿಡಿ. ಎರಡನೆಯದಕ್ಕೆ ಒಣ ಉಣ್ಣೆಯ ಬಟ್ಟೆಯನ್ನು ಸಡಿಲವಾಗಿ ಸುತ್ತಿ. ಮೂರನೆಯದಕ್ಕೆ ಅಂಥದೇ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಸುತ್ತಿ. ನಾಲ್ಕನೆಯದಕ್ಕೆ ಒಣ ಬಟ್ಟೆಯನ್ನೇ ಸುತ್ತಿ ಬೀಸಣಿಗೆಯ ಎದುರಿಗಿಡಿ. ನಾಲ್ಕರಲ್ಲಿಯೂ ಒಂದೇ ಉಷ್ಣತೆಯ ಬಿಸಿನೀರನ್ನು ಒಂದೇ ಪ್ರಮಾಣದಲ್ಲಿ ತುಂಬಿ, ಮುಚ್ಚಳದ ರಂಧ್ರದಿಂದ ಉಷ್ಣಮಾಪಕವನ್ನು ಇಳಿಬಿಟ್ಟು, ಐದೈದು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಿ. ನ್ಯೂಟನ್ನನು ೧೭೦೧ರಲ್ಲಿ ಹೇಳಿದ ತಂಪಾಗುವಿಕೆಯ ನಿಯಮ ನಿಮ್ಮ ನಕ್ಷೆಯ ವಕ್ರರೇಖೆಗಳಲ್ಲಿ ಒಡಮೂಡುತ್ತದೆ. ಒದ್ದೆ ಬಟ್ಟೆ ಸುತ್ತಿದ ಡಬ್ಬಿ ಬರಿಯ ಡಬ್ಬಿಗಿಂತಲೂ ಬೇಗ ತಣ್ಣಗಾಗುವುದನ್ನು ನೋಡಿ ನೀವು ಬೆರಗಾಗುವಿರಿ.

ಇದೇ ಕಾರಣದಿಂದ ಮೊಲಕ್ಕೆ ಅಂಗಿ ಹೊಲಿದು ತೊಡಿಸುವುದು ತಿಳಿಗೇಡಿತನ. ಅಂಗಿಯು ತುಪ್ಪಳವನ್ನು ಒತ್ತಿ ಅದರೊಳಗಿನ ಗಾಳಿಯನ್ನು ಹಿಂಡಿ ತೆಗೆಯುತ್ತದೆ. ನೆನೆದರಂತೂ ಕೇಳುವುದೇ ಬೇಡ.

ಸಾಕುಮೊಲದ ಪೂರ್ವಿಕರ ನೆಲೆ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಒಣನೆಲ. ಅವು ಬಿಲ ತೋಡಿ ಗುಂಪಾಗಿ ಬಾಳುವ ಪ್ರಾಣಿಗಳು. ನಮ್ಮ ಹೊಲಗದ್ದೆಗಳಲ್ಲಿ ನೆಗೆದೋಡುವ ಮೊಲ ಬೇರೆ ಜಾತಿಯದು. ಅದು ಬಿಲ ತೋಡದು, ಅದರ ಮರಿಗಳು ಕಣ್ಣು ತೆರೆದು ಮೈತುಂಬ ಕೂದಲಿಟ್ಟುಕೊಂಡೇ ಹುಟ್ಟುತ್ತವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿರುವುದರಿಂದ ಗೊಂದಲವಾಗುವುದು ಸಹಜ. (ನಮ್ಮ ಕಾಡುಮೊಲವನ್ನು ಹಿಡಿದು ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನೂ ಇಲ್ಲಿ ಹೇಳಿಬಿಡಬಹುದು.) ಬಿಲದ ಮೊಲದ ಮರಿಗಳು ಬೆತ್ತಲೆಯಾಗಿ, ಕುರುಡಾಗಿ ಹುಟ್ಟುತ್ತವೆ. ತಾಯಿ ತನ್ನ ಮೈಯ ತುಪ್ಪಳವನ್ನೇ ಕಿತ್ತು, ಒಣಹುಲ್ಲಿನೊಡನೆ ಸೇರಿಸಿ ಹಾಸಿಗೆ ಮಾಡಿ, ಮರಿಗಳನ್ನು ಅದರಲ್ಲಿ ಹುದುಗಿಸಿಡುತ್ತದೆ. ದಿನಕ್ಕೊಮ್ಮೆ ಕೆಲವೇ ನಿಮಿಷ ಬಂದು ಹಾಲೂಡಿಸಿ ಹೋಗುತ್ತದೆ. ಉಳಿದ ಹೊತ್ತೆಲ್ಲ ಮರಿಗಳನ್ನು ಕಾಯುವುದು ಆ ತುಪ್ಪಳದೊಳಗಿನ ಗಾಳಿ ಮತ್ತು ಒಂದಕ್ಕೊಂದು ಒತ್ತಿಕೊಂಡ ಅವುಗಳ ಮೈಶಾಖ. ಬಿಲ ತಾನೇ ಒಂದು ಉತ್ತಮ ಕಂಬಳಿ. ಮಣ್ಣಿನಲ್ಲಿ ಉಷ್ಣತೆಯ ಏರಿಳಿತ ಆಳಕ್ಕೆ ಹೋದಂತೆ ಬೇಗ ಕುಗ್ಗುತ್ತದೆ. ಒಂದು ಮೀಟರ್ ಆಳದಲ್ಲಿ ಹಗಲು ರಾತ್ರಿಗಳ ಭೇದವೇ ತಿಳಿಯದು. ಮೇಲೆ ಕೊಳದ ನೀರು ಕಲ್ಲಾಗಿದ್ದರೂ ಅಲ್ಲಿ ಸೊನ್ನೆಗಿಂತ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ.

ನಾಲ್ಕು ಕಾಲಿನ ಮೇಲೆ ನಿಂತ ಮರದ ಗೂಡು ಈ ಬಿಲಕ್ಕೆ ಎಲ್ಲ ವಿಧದಲ್ಲಿಯೂ ವಿರುದ್ಧವಾದುದು. ಕೆಳಗೂ ಗಾಳಿ, ಮೇಲೂ ಗಾಳಿ, ಮುಂದೆ ತಂತಿಯ ಬಲೆ. ನಾವು ಬಿಲವನ್ನು ಕಿತ್ತುಕೊಂಡಿದ್ದೇವೆ. ಅದಕ್ಕೆ ಬದಲಾಗಿ ಏನನ್ನಾದರೂ ಕೊಡುವುದು ನಮ್ಮ ಹೊಣೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ೨೦೦೬ರ ಪ್ರಾಣಿ ಕ್ಷೇಮ ಕಾಯಿದೆ ಈ ಹೊಣೆಯನ್ನು ಒಡೆಯನ ಮೇಲೆ ಹೊರಿಸಿಯೂ ಇದೆ.

ಗೂಡಿನ ಕಾಲುಗಳನ್ನು ತೆಗೆಯುವಂತಿಲ್ಲ. ನೆಲದ ತೇವ ಏರುತ್ತದೆ. ಆದರೆ ಗೂಡಿನ ಬೆನ್ನನ್ನು ಮನೆಯ ಗೋಡೆಗೆ ಒತ್ತಿ, ಮುಖವನ್ನು ದಕ್ಷಿಣಕ್ಕೆ ತಿರುಗಿಸಿದರೆ ಉತ್ತರದ ಮತ್ತು ಮೂಡಣದ ಕೊರೆಯುವ ಗಾಳಿ ತಪ್ಪುತ್ತದೆ. ಬಿದ್ದಷ್ಟು ಬಿಸಿಲೂ ಒಳಗೆ ಬರುತ್ತದೆ. ಮಾಡು ಇಳಿಜಾರಾಗಿದ್ದು ಮುಂದಕ್ಕೆ ಚಾಚಿರಬೇಕು. ಗೂಡಿನ ಒಂದು ಭಾಗ ಎಲ್ಲ ಕಡೆಯೂ ಹಲಗೆಯಿಂದ ಮುಚ್ಚಿದ, ಸಣ್ಣ ಬಾಗಿಲಿನ ಮಲಗುವ ಪೆಟ್ಟಿಗೆಯಾಗಿರಬೇಕು. ಈ ಪೆಟ್ಟಿಗೆ ಮೊಲಗಳು ಮೈಚಾಚಿ ಮಲಗುವಷ್ಟಿದ್ದರೆ ಸಾಕು. ಬಹಳ ದೊಡ್ಡದಾದರೆ ಆರು ವಾಟಿನ ಒಲೆಯಿಂದ ಅದು ಬೆಚ್ಚಗಾಗದು. ಹಾಗೆಂದು ಮೊಲದ ಇಡೀ ಬಾಳು ಪೆಟ್ಟಿಗೆಯಲ್ಲೇ ಕಳೆಯಬಾರದು. ಓಡಾಟದಿಂದ ಸ್ನಾಯುಗಳಲ್ಲಿ ಶಾಖ ಹುಟ್ಟುತ್ತದೆ, ಕರುಳು ಚಲಿಸುತ್ತದೆ. ಬ್ರಿಟನ್ನಿನ ರ್‍ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಎಂಬ ಸಂಸ್ಥೆ ಒಂದು ಜೊತೆ ಮೊಲಗಳಿಗೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಜಾಗವಾದರೂ ಇರಬೇಕೆನ್ನುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಗೂಡೆಂದು ಮಾರುವ ಎಷ್ಟೋ ಪೆಟ್ಟಿಗೆಗಳು ಇದರ ಹತ್ತಿರಕ್ಕೂ ಬರುವುದಿಲ್ಲ.

ಕನಿಕರ ಮಾಡುವ ಕೇಡಿನ ಮಾತನ್ನು ಈಗ ಎತ್ತಬಹುದು. ಚಳಿಯೆಂದು ಗೂಡಿನ ಸಂದುಗೊಂದುಗಳನ್ನೆಲ್ಲ ತುಂಬಿ, ಬಲೆಯ ಮೇಲೆ ಜಮಖಾನ ಹೊದಿಸಿ, ಅದರ ಮೇಲೆ ಟಾರ್ಪಾಲು ಬಿಗಿದು, ‘ಇನ್ನು ಬೆಚ್ಚಗಿರುತ್ತದೆ’ ಎಂದು ಒಡೆಯ ನೆಮ್ಮದಿಯಿಂದ ಮಲಗುತ್ತಾನೆ. ಒಳಗಾಗುವುದೇನು? ಮೊಲ ಉಸಿರಾಡುತ್ತದೆ, ಉಸಿರಿನೊಡನೆ ನೀರಾವಿ ಹೊರಬರುತ್ತದೆ. ಹಾಸಿಗೆಯಲ್ಲಿ ಬಿದ್ದ ಮೂತ್ರದಿಂದಲೂ ನೀರಾವಿ ಏಳುತ್ತದೆ. ಗಾಳಿ ತಣ್ಣಗಿದ್ದಷ್ಟೂ ಅದು ಹಿಡಿದಿಡಬಲ್ಲ ನೀರಾವಿ ಕಡಮೆ: ೨೦ ಡಿಗ್ರಿಯಲ್ಲಿ ಒಂದು ಘನಮೀಟರ್ ಜಾಗದಲ್ಲಿ ೧೭ ಗ್ರಾಂಗೂ ಮೇಲೆ ಆವಿ ಇರಬಲ್ಲದು, ೧೦ ಡಿಗ್ರಿಯಲ್ಲಿ ೯.೪ ಗ್ರಾಂ, ಸೊನ್ನೆಯಲ್ಲಿ ಐದಕ್ಕೂ ಕಡಮೆ. ಮಲಗುವ ಪೆಟ್ಟಿಗೆಯ ಗಾತ್ರ ಘನಮೀಟರಿನ ಐದನೆಯ ಒಂದು ಭಾಗವೆಂದುಕೊಂಡರೆ, ೧೦ ಡಿಗ್ರಿಯಲ್ಲಿಯೂ ಅದು ಎರಡು ಗ್ರಾಂ ಆವಿಯನ್ನು ಹಿಡಿಯದು. ಮೊಲದ ಉಸಿರೇ ಕೆಲವು ಗಂಟೆಗಳಲ್ಲಿ ಅಷ್ಟನ್ನು ತುಂಬಿಬಿಡುತ್ತದೆ. ಆಮೇಲೆ ಬಂದದ್ದೆಲ್ಲ ತಣ್ಣನೆಯ ಹಲಗೆಗಳ ಮೇಲೆ ಹನಿಗಟ್ಟಿ, ಹರಿದು, ಹಾಸಿಗೆಗೆ ಇಳಿಯುತ್ತದೆ. ಹೊರಗಿನ ಮಳೆಯನ್ನು ತಡೆದ ಟಾರ್ಪಾಲು ಒಳಗೆ ಮತ್ತೊಂದು ಮಳೆಯನ್ನು ಸುರಿಸಿದಂತಾಯಿತು.

ಇದರೊಡನೆ ಅಮೋನಿಯ. ಮೂತ್ರದಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯಗಳು ಒಡೆದಾಗ ಹುಟ್ಟುವ ಈ ಅನಿಲ ಮೊಲದ ಮೂಗು ಗಂಟಲುಗಳ ತೇವವಾದ ಪೊರೆಯನ್ನು ಸುಡುತ್ತದೆ. ಅನೇಕ ಮೊಲಗಳ ಮೂಗಿನಲ್ಲಿ ಪಾಸ್ಟುರೆಲ್ಲ ಎಂಬ ಬ್ಯಾಕ್ಟೀರಿಯ ತಣ್ಣಗೆ ಕುಳಿತಿರುತ್ತದೆ; ಪೊರೆ ಕೆಟ್ಟೊಡನೆ ಅದು ತಲೆಯೆತ್ತಿ ನೆಗಡಿ, ಸೀನು, ಕೊನೆಗೆ ಶ್ವಾಸಕೋಶದ ಉರಿಯೂತಕ್ಕೆ ದಾರಿಯಾಗುತ್ತದೆ. ಬೆಳಗ್ಗೆ ಗೂಡಿನ ಬಾಗಿಲು ತೆರೆದೊಡನೆ ಬಗ್ಗಿ, ಮೊಲದ ಮೂಗಿರುವ ಮಟ್ಟಕ್ಕೆ ನಿಮ್ಮ ಮೂಗನ್ನು ತಂದು ನೋಡಿ. ನಿಮಗೆ ಘಾಟು ತಗುಲಿದರೆ, ಮೊಲ ರಾತ್ರಿಯೆಲ್ಲ ಅದನ್ನೇ ಕುಡಿದಿದೆ ಎಂದು ಅರ್ಥ.

ಆದುದರಿಂದ ಹೊದಿಕೆ ಇರಲಿ. ಆದರೆ ಮಾಡಿನ ಅಡಿಯಲ್ಲಿ, ಮೊಲ ಮಲಗುವ ಮಟ್ಟಕ್ಕಿಂತ ಬಹು ಮೇಲೆ, ಕೈಬೆರಳಗಲದ ಸಂದು ಬಿಟ್ಟಿರಲಿ. ಬೆಚ್ಚನೆಯ ತೇವದ ಹವೆ ಹಗುರವಾದುದರಿಂದ ತಾನಾಗಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ. ಮೊಲಕ್ಕೆ ತಗುಲದೆ ಹೊಸ ಹವೆ ಒಳಕ್ಕೆ ಬರುವುದು ‘ಗಾಳಿಯಾಟ’. ಮೊಲದ ಮೈಮೇಲೆಯೇ ಹಾಯ್ದುಹೋಗುವುದು ‘ಗಾಳಿಯ ಹೊಡೆತ’. ಮೊದಲನೆಯದು ಬೇಕು, ಎರಡನೆಯದು ಬೇಡ.

ಹಾಸಿಗೆಗೆ ಯಾವುದು ತಕ್ಕುದು? ನಾವು ‘ಹುಲ್ಲು’ ಎಂಬ ಒಂದೇ ಮಾತಿನಲ್ಲಿ ಹೇಳುವುದನ್ನು ಅಲ್ಲಿನ ರೈತರು ಎರಡಾಗಿ ವಿಂಗಡಿಸುತ್ತಾರೆ. ತೆನೆ ಬಡಿದ ಮೇಲೆ ಉಳಿಯುವ ಗೋಧಿ, ಬಾರ್ಲಿಗಳ ಒಣಕಾಂಡ ಒಂದು. ಹಸಿರಾಗಿರುವಾಗಲೇ ಕೊಯ್ದು ಒಣಗಿಸಿದ ಮೇವಿನ ಹುಲ್ಲು ಮತ್ತೊಂದು. ಹಾಸಿಗೆಗೆ ಮೊದಲನೆಯದು. ಅದರ ದಂಟು ಟೊಳ್ಳು. ಪ್ರತಿಯೊಂದು ದಂಟೂ ಗಾಳಿ ತುಂಬಿದ ನಳಿಗೆ. ಪೆಟ್ಟಿಗೆಯ ತಳದಲ್ಲಿ ವೃತ್ತಪತ್ರಿಕೆಯ ಹಲವು ಪದರ ಹಾಸಿ, ಮೇಲೆ ಈ ಹುಲ್ಲನ್ನು ಗೇಣುದ್ದಕ್ಕೂ ಮೀರಿ ತುಂಬಿದರೆ ಮೊಲ ಅದರಲ್ಲಿ ತಾನೇ ಗುಳಿ ತೋಡಿಕೊಂಡು, ಕಳೆದುಕೊಂಡ ಬಿಲವನ್ನು ಸ್ವಲ್ಪಮಟ್ಟಿಗೆ ಮರಳಿ ಪಡೆಯುತ್ತದೆ. ಕಂಬಳಿ, ರಗ್ಗುಗಳು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಮೊಲ ಅದನ್ನು ಕಡಿದು ನುಂಗಿದರೆ ಕರುಳು ಕಟ್ಟುವ ಭಯವೂ ಉಂಟು. ಒದ್ದೆಯಾದ ಹುಲ್ಲನ್ನು ಪ್ರತಿದಿನವೂ ತೆಗೆಯಬೇಕು. ಒದ್ದೆಯ ಮೇಲೆಯೇ ಹೊಸ ಹುಲ್ಲನ್ನು ಸುರಿಯುವವರು ಕೆಲಸ ಮಾಡಿದಂತೆ ನಟಿಸುತ್ತಾರೆ, ಅಷ್ಟೆ.

ಮೇವಿನ ಒಣಹುಲ್ಲು ಮೊಲದ ಸೌದೆ. ಅದರ ಆಹಾರದಲ್ಲಿ ಬಹುಪಾಲು ಇದೇ ಆಗಿರಬೇಕು. ಚಳಿಗಾಲದಲ್ಲಿ ಹಗಲಿರುಳೂ ಬೇಕಾದಷ್ಟು ಸಿಗುವಂತಿರಬೇಕು. ಮೊಲದ ಕುರುಡುಗರುಳು ಒಂದು ದೊಡ್ಡ ಹುದುಗುವ ಪಾತ್ರೆ. ಅಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಮೊಲಕ್ಕೆ ಬೇಕಾದ ಆಮ್ಲಗಳನ್ನು ಮಾಡಿಕೊಡುತ್ತವೆ. ಈ ಹುದುಗಿನಲ್ಲಿಯೂ ಶಾಖ ಹುಟ್ಟುತ್ತದೆ. ಸಾಕಷ್ಟು ನಾರು ಬಾರದಿದ್ದರೆ, ಅಥವಾ ನೀರು ಸಾಲದೆ ಹೋದರೆ, ಕರುಳಿನ ಚಲನೆಯೇ ನಿಂತುಹೋಗುತ್ತದೆ, ವಾಯು ತುಂಬುತ್ತದೆ, ನೋವಿನಿಂದ ಮೊಲ ತಿನ್ನುವುದನ್ನು ಬಿಡುತ್ತದೆ, ತಿನ್ನದಿರುವುದರಿಂದ ಕರುಳು ಇನ್ನಷ್ಟು ಜಡವಾಗುತ್ತದೆ. ಅರ್ಧ ದಿನ ಏನನ್ನೂ ತಿನ್ನದ ಮೊಲವನ್ನು ನಾಳೆಯವರೆಗೆ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಇಬ್ಬನಿ ಹೆಪ್ಪುಗಟ್ಟಿದ ಸೊಪ್ಪನ್ನು ಕೊಡಬಾರದು.

ಈಗ ನೀರು. ಗೂಡುಗಳಿಗೆ ಸಾಮಾನ್ಯವಾಗಿ ಸೀಸೆಯನ್ನು ತಲೆಕೆಳಗಾಗಿ ಕಟ್ಟಿ, ಅದರ ಲೋಹದ ನಳಿಗೆಯ ತುದಿಯಲ್ಲಿ ಸಣ್ಣ ಗುಂಡೊಂದನ್ನು ಇಟ್ಟಿರುತ್ತಾರೆ. ಮೊಲ ನಾಲಗೆಯಿಂದ ಗುಂಡನ್ನು ಒತ್ತಿದಾಗ ಹನಿ ಬೀಳುತ್ತದೆ. ಹತ್ತು ಡಿಗ್ರಿಯಲ್ಲಿರುವ ಅರ್ಧ ಲೀಟರ್ ನೀರು ಸೊನ್ನೆಗಿಳಿಯಬೇಕಾದರೆ ೨೧,೦೦೦ ಜೂಲ್ ಕಳೆದುಕೊಳ್ಳಬೇಕು. ಸೊನ್ನೆಯಲ್ಲಿ ಪೂರ್ತಿ ಗಡ್ಡೆಯಾಗಬೇಕಾದರೆ ಮತ್ತೆ ೧,೬೭,೦೦೦ ಜೂಲ್. ಆದುದರಿಂದ ಸೀಸೆಯಲ್ಲಿರುವ ನೀರು ಗಡ್ಡೆಯಾಗಲು ಬಹಳ ಹೊತ್ತು ಬೇಕು. ನಳಿಗೆಯಲ್ಲಿರುವುದಾದರೋ ಎರಡು ಮೂರು ಗ್ರಾಂ. ಸುತ್ತ ಒಳ್ಳೆಯ ಉಷ್ಣವಾಹಕವಾದ ಲೋಹ. ಅದು ಮೊದಲೇ ಹೆಪ್ಪುಗಟ್ಟಿಬಿಡುತ್ತದೆ. ಸೀಸೆಯ ತುಂಬ ನೀರು ಹೊಳೆಯುತ್ತಿರುವುದನ್ನು ದೂರದಿಂದ ನೋಡಿ ಒಡೆಯ ಹೋಗುತ್ತಾನೆ. ಕೆಳಗೆ ಮೊಲ ಬಾಯಾರಿ ಕುಳಿತಿರುತ್ತದೆ. ಬೆಳಗ್ಗೆ ಸಂಜೆ ಬೆರಳಿನಿಂದ ಗುಂಡನ್ನು ಒತ್ತಿಯೇ ನೋಡಬೇಕು.

ಸೀಸೆಗೆ ಉಣ್ಣೆಯ ಕಾಲುಚೀಲ ತೊಡಿಸುವ ಪದ್ಧತಿಯಿದೆ. ಉಪಯುಕ್ತವೇ, ಆದರೆ ಅದರಿಂದ ಆಗುವುದೆಷ್ಟು ಎಂಬುದನ್ನು ಅರಿತಿರಬೇಕು. ಮೊಲಕ್ಕೆ ತುಪ್ಪಳ ಹೊದಿಸಿದರೆ ಅದು ಸದಾಕಾಲ ಬೆಚ್ಚಗಿರುತ್ತದೆ, ಏಕೆಂದರೆ ಒಳಗೆ ಆರು ವಾಟಿನ ಒಲೆಯುಂಟು. ಸೀಸೆಯೊಳಗೆ ಒಲೆಯಿಲ್ಲ. ಕಾಲುಚೀಲ ಹೆಪ್ಪುಗಟ್ಟುವ ಹೊತ್ತನ್ನು ಮುಂದೂಡುತ್ತದೆಯೇ ಹೊರತು ತಪ್ಪಿಸಲಾರದು. ಭಾರವಾದ ಪಿಂಗಾಣಿ ಬಟ್ಟಲಿನಲ್ಲಿಯೂ ನೀರಿಟ್ಟು, ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರನ್ನು ಬದಲಿಸುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ನೀರಿಗೆ ಉಪ್ಪು ಹಾಕುವುದು ಸಲ್ಲದು. ಮೋಟಾರು ವಾಹನಗಳಿಗೆ ಬಳಸುವ ಹೆಪ್ಪುನಿರೋಧಕ ದ್ರವವಂತೂ ಕಡುವಿಷ.

ಬಹಳ ಚಳಿಯ ರಾತ್ರಿ ಮೊಲವನ್ನು ಮನೆಯೊಳಗಿನ ಬೆಂಕಿಯ ಬಳಿಗೆ ತಂದು ಬೆಳಗ್ಗೆ ಹೊರಗೆ ಬಿಡುವುದು ಸರಿಯೇ ಎಂದು ಕೇಳಬಹುದು. ಸರಿಯಲ್ಲ. ಹಗಲು ಚಿಕ್ಕದಾಗುತ್ತ ಬರುವುದನ್ನು ಮೊಲದ ದೇಹ ಗುರುತಿಸಿ ಶರತ್ಕಾಲದಲ್ಲಿಯೇ ಹೊಸ ತುಪ್ಪಳ ತೊಡುತ್ತದೆ. ಆ ದಪ್ಪ ಉಡುಗೆಯನ್ನು ಕಳಚಲಾರದ ಪ್ರಾಣಿಗೆ ೨೦ ಡಿಗ್ರಿಯ ಏರಿಳಿತ ದಿನದಿನವೂ ಬೇನೆಯೇ. ಇದೇ ತರ್ಕದಿಂದ, ಮನೆಯೊಳಗೆ ಬೆಳೆದ ಮೊಲವನ್ನು ಮಾಗಿಯ ನಡುವೆ ಹಠಾತ್ತನೆ ಹೊರಗಿಡುವುದೂ ಕ್ರೌರ್ಯ. ಮುದಿಮೊಲ, ಬಡಕಲು ಮೊಲ, ರೋಗಿ, ಎಳೆಮರಿ ಇವುಗಳನ್ನು ಒಲೆಯಿಲ್ಲದ ಕೊಟ್ಟಿಗೆಗೆ ಸೇರಿಸಬಹುದು. ಮೋಟಾರು ಕಾರು ನಿಲ್ಲಿಸಿ ಚಾಲೂ ಮಾಡುವ ಕೋಣೆ ಮಾತ್ರ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ಜಾಗದಲ್ಲಿ ಕೊಲ್ಲುತ್ತದೆ. ಗೂಡಿನೊಳಗೆ ವಿದ್ಯುತ್ತಂತಿಯನ್ನು ಬಿಟ್ಟರೆ ಮೊಲ ಅದನ್ನು ಕಡಿಯದೆ ಬಿಡದು.

ಕಾವಿಗೆ ಎಲ್ಲಕ್ಕಿಂತ ಸುರಕ್ಷಿತವಾದ ಆಕರ ಇನ್ನೊಂದು ಮೊಲ. ಸಮ ಗಾತ್ರದ ಎರಡು ಗೋಳಗಳನ್ನು ಕಲಸಿ ಒಂದು ಮಾಡಿದರೆ ಒಟ್ಟು ಮೇಲ್ಮೈ ನೂರಕ್ಕೆ ಇಪ್ಪತ್ತರಷ್ಟು ಕಡಮೆಯಾಗುತ್ತದೆ. ಮೊಲಗಳು ಹಿಟ್ಟಿನ ಉಂಡೆಗಳಲ್ಲವಾದರೂ, ಒತ್ತಿ ಮಲಗಿದಾಗ ಅದೇ ದಿಕ್ಕಿನ ಲಾಭ ಅವಕ್ಕುಂಟು. ಗುಂಪಿನ ಪ್ರಾಣಿಯಾದ ಮೊಲಕ್ಕೆ ಜೊತೆ ಬೇರೆ ಕಾರಣಗಳಿಂದಲೂ ಬೇಕು.

ನಮ್ಮ ಕರ್ನಾಟಕದಲ್ಲಿ ಮೊಲ ಸಾಕುವವರಿಗೆ ಇಷ್ಟೆಲ್ಲ ಚಿಂತೆಯಿಲ್ಲ. ಬೀದರ, ವಿಜಯಪುರಗಳ ಡಿಸೆಂಬರ್ ರಾತ್ರಿಗಳನ್ನು ಒಣಗಿದ ಮೊಲ ಲೆಕ್ಕಕ್ಕೇ ಇಡದು. ಇಲ್ಲಿ ಭಯವಿರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಹವೆ ೩೦ ಡಿಗ್ರಿ ಮೀರಿದರೆ, ಚೆನ್ನಾಗಿ ಬೆವರಲು ಬಾರದ ಈ ಪ್ರಾಣಿಗೆ ಅದೇ ತುಪ್ಪಳ ಶತ್ರುವಾಗುತ್ತದೆ. ಶಾಖ ಹೊರಹೋಗುವ ಮುಖ್ಯ ಬಾಗಿಲು ಕಿವಿಗಳು ಮಾತ್ರ. ಮಲೆನಾಡಿನ ಮಳೆಗಾಲದಲ್ಲಿ ಗೂಡನ್ನು ಒದ್ದೆಯಿಂದ ಕಾಯಬೇಕಾದುದು ಇಂಗ್ಲೆಂಡಿನಲ್ಲಿ ಎಷ್ಟೋ ಇಲ್ಲಿಯೂ ಅಷ್ಟೇ.

ಹಿತ್ತಲಿನ ಮೊಲಕ್ಕೆ ಮಾಗಿಯಲ್ಲಿ ಒದಗುವ ಮತ್ತೊಂದು ಅಪಾಯ ಭೌತವಿಜ್ಞಾನದ ಪುಸ್ತಕದಲ್ಲಿ ಸಿಕ್ಕುವುದಿಲ್ಲ. ಮಕ್ಕಳು ಶಾಲೆಗೆ ಹೊರಡುವಾಗ ಕತ್ತಲೆ, ಬರುವಾಗ ಕತ್ತಲೆ; ಮಳೆಯಲ್ಲಿ ಹಿತ್ತಲಿಗೆ ಹೋಗಲು ಬೇಸರ. ಮೇವು ನೀರು ಇಟ್ಟು ಓಡಿಬರುವುದಷ್ಟೇ ಆಗುತ್ತದೆ. ಯಾರೂ ಮೊಲವನ್ನು ನೋಡುವುದಿಲ್ಲ. ಬೇಟೆಗೆ ತುತ್ತಾಗುವ ಪ್ರಾಣಿಯಾದುದರಿಂದ ಮೊಲ ತನ್ನ ನೋವನ್ನು ಮುಚ್ಚಿಡುತ್ತದೆ, ಕೂಗಿ ಕರೆಯುವುದಿಲ್ಲ. ದಿನಕ್ಕೊಮ್ಮೆ ದೀಪ ಹಿಡಿದುಹೋಗಿ, ಹಿಕ್ಕೆ ಎಂದಿನಷ್ಟು ಬಿದ್ದಿದೆಯೇ, ಹುಲ್ಲು ಕಡಮೆಯಾಗಿದೆಯೇ, ಪಾದದ ಅಡಿ ಒದ್ದೆಯಿಂದ ಹುಣ್ಣಾಗಿದೆಯೇ ಎಂದು ನೋಡಬೇಕು. ಕೈಯನ್ನು ತುಪ್ಪಳದೊಳಕ್ಕೆ ಚರ್ಮ ಮುಟ್ಟುವವರೆಗೆ ತೂರಿಸಿ, ಅದು ಒಣಗಿ ಬೆಚ್ಚಗಿದೆಯೇ ಎಂದು ಪರೀಕ್ಷಿಸಬೇಕು. ಕಿವಿ ತಣ್ಣಗಿದ್ದು ಮೊಲ ಚುರುಕಾಗಿದ್ದರೆ ಅಂಜಬೇಕಾದುದಿಲ್ಲ. ರಕ್ತನಾಳಗಳು ತಮ್ಮ ಕೆಲಸ ಮಾಡುತ್ತಿವೆ. ಕಿವಿ ತಣ್ಣಗಿದ್ದು, ಮೈ ಸಡಿಲವಾಗಿ, ಮೇವು ತೋರಿಸಿದರೂ ಮುಖ ತಿರುಗಿಸದೆ ಮೂಲೆಯಲ್ಲಿ ಮುದುಡಿ ಕುಳಿತಿದ್ದರೆ ದೇಹದ ಒಲೆಯೇ ಆರುತ್ತಿದೆ. ನೆನೆದಿದ್ದರೆ ಟವೆಲಿನಿಂದ ಒತ್ತಿ ಒರೆಸಿ, ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆಯನ್ನು ಪಕ್ಕದಲ್ಲಿಟ್ಟು, ಆ ರಾತ್ರಿಯೇ ಪಶುವೈದ್ಯರ ಮನೆಯ ಬಾಗಿಲು ತಟ್ಟಬೇಕು.